ಎನ್‌ಬಿಎನ್‌ಗೆ ಕಂಪನಿ ಹುಡುಕುವ ಮೊದಲು ಮನೆಗೆ ಬಂದ ತಂತಿ ಯಾವುದು ನೋಡಿ

ಮೆಲ್ಬರ್ನಿನಲ್ಲಿ ಕನ್ನಡದವರು ನಾಲ್ಕು ಜನ ಸೇರಿದ ಕಡೆ, ಊಟದ ಸಾಲಿನಲ್ಲೋ ಮಕ್ಕಳ ಡ್ಯಾನ್ಸ್ ಮುಗಿಯಲಿ ಎಂದು ಕಾಯುವಾಗಲೋ, ಹೊಸದಾಗಿ ಮನೆ ಮಾಡಿದವರೊಬ್ಬರು ಕೇಳಿಯೇ ಕೇಳುತ್ತಾರೆ: "ಎನ್‌ಬಿಎನ್‌ಗೆ ಯಾವ ಕಂಪನಿ ಒಳ್ಳೇದು ಸರ್?" ಎನ್‌ಬಿಎನ್ ಎಂದರೆ ಆಸ್ಟ್ರೇಲಿಯದ ಮನೆಮನೆಗೆ ಇಂಟರ್‌ನೆಟ್ ತರುವ ರಾಷ್ಟ್ರೀಯ ಜಾಲ. ತಕ್ಷಣ ಮೂರು ಉತ್ತರ ಬರುತ್ತವೆ. ಒಬ್ಬರಿಗೆ ಟೆಲ್‌ಸ್ಟ್ರಾ ಬಿಟ್ಟರೆ ಬೇರೆ ಇಲ್ಲ. ಇನ್ನೊಬ್ಬರಿಗೆ ಆಸಿ ಬ್ರಾಡ್‌ಬ್ಯಾಂಡ್. ಮೂರನೆಯವರು ಆರಾರು ತಿಂಗಳಿಗೆ ಕಂಪನಿ ಬದಲಿಸುತ್ತ ರಿಯಾಯಿತಿಯಲ್ಲೇ ಸಂಸಾರ ಮಾಡುವವರು. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೂವರ ಮನೆಗೆ ಬಂದಿರುವ ತಂತಿ ಬೇರೆ ಬೇರೆ. ಒಬ್ಬರ ಅನುಭವ ಇನ್ನೊಬ್ಬರಿಗೆ ದಕ್ಕದೆ ಇರುವುದು ಅದಕ್ಕೇ.

ಹಾಗಾಗಿ ನಾನು ತಿರುಗಿ ಕೇಳುವುದು ಒಂದೇ: "ನಿಮ್ಮ ಮನೆಗೆ ಯಾವ ಬಗೆಯ ಎನ್‌ಬಿಎನ್ ಇದೆ?" ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿರುವುದಿಲ್ಲ. ಕಂಪನಿಯನ್ನು ಒಂದು ಫೋನ್ ಕಾಲಿನಲ್ಲಿ ಬದಲಿಸಬಹುದು. ತಂತಿ ಬದಲಿಸುವುದು ಅಷ್ಟು ಸುಲಭವಲ್ಲ. ಮೊದಲು ತಂತಿ, ಆಮೇಲೆ ವೇಗ, ಕೊನೆಗೆ ಕಂಪನಿ. ಈ ಸಾಲನ್ನು ತಿರುಗುಮುರುಗು ಮಾಡಿಕೊಂಡವರೇ ಸಂಜೆ ಎಂಟಕ್ಕೆ ಊರಿಗೆ ವಿಡಿಯೋ ಕಾಲ್ ಮಾಡಿ, ಅಮ್ಮನ ಮುಖ ಚೌಕ ಚೌಕವಾಗಿ ಒಡೆದಾಗ ಕಂಪನಿಯನ್ನು ಬೈಯುತ್ತ ಕೂರುತ್ತಾರೆ.

ಮಂಡಿ ಮತ್ತು ಅಂಗಡಿ

ಎನ್‌ಬಿಎನ್ ಕೋ ಎಂಬುದು ಆಸ್ಟ್ರೇಲಿಯ ಸರ್ಕಾರದ ಒಡೆತನದ ಕಂಪನಿ. ಶುರುವಾದದ್ದು 2009ರಲ್ಲಿ. ಅದು ಸಗಟು ಮಂಡಿ ಇದ್ದ ಹಾಗೆ. ಮಂಡಿಗೆ ಹೋಗಿ ಕಾಲು ಕೆಜಿ ಹುರುಳೀಕಾಯಿ ಕೊಡಿ ಎಂದರೆ ಕೊಡುತ್ತಾರೆಯೇ? ಅವರು ಟೆಲ್‌ಸ್ಟ್ರಾ, ಆಪ್ಟಸ್, ಟಿಪಿಜಿ, ಸೂಪರ್‌ಲೂಪ್ ಮುಂತಾದ ಅಂಗಡಿಗಳಿಗೆ ಮಾರುತ್ತಾರೆ, ನಾವು ಅಂಗಡಿಯಿಂದ ಕೊಳ್ಳುತ್ತೇವೆ. ಆದ್ದರಿಂದ "ನಾವು ಎನ್‌ಬಿಎನ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಲೈನ್ ನಾಳೆ ಕಟ್ ಆಗುತ್ತೆ, ಕಾರ್ಡ್ ನಂಬರ್ ಹೇಳಿ" ಎಂದು ಯಾರಾದರೂ ಕಾಲ್ ಮಾಡಿದರೆ ಫೋನ್ ಇಟ್ಟುಬಿಡಿ. ಊರಿಂದ ಬಂದಿರುವ ಅಪ್ಪ ಅಮ್ಮನಿಗೂ ಹೇಳಿಡಿ. ಹಗಲಲ್ಲಿ ಮನೆಯಲ್ಲಿರುವವರು ಅವರೇ.

2009ರ ಯೋಜನೆಯಲ್ಲಿ ನೂರಕ್ಕೆ 90 ಮನೆಗಳಿಗೆ ಬಾಗಿಲವರೆಗೂ ಫೈಬರ್, ಅಂದರೆ ಬೆಳಕಿನಲ್ಲಿ ಸಂಕೇತ ಒಯ್ಯುವ ಗಾಜಿನ ಎಳೆ, ಎಳೆಯುವ ಮಾತಿತ್ತು. 2013ರಲ್ಲಿ ಸರ್ಕಾರ ಬದಲಾಯಿತು, ಲೆಕ್ಕವೂ ಬದಲಾಯಿತು. ಹಳೆಯ ಟೆಲಿಫೋನ್ ತಾಮ್ರ, ಕೇಬಲ್ ಟಿವಿ ತಂತಿ, ಇರುವುದನ್ನೆಲ್ಲ ಬಳಸಿಕೊಂಡು ಬೇಗ ಮುಗಿಸೋಣ ಎಂದರು. 2020ರ ಡಿಸೆಂಬರ್‌ನಲ್ಲಿ ಕೆಲಸ ಮುಗಿಯಿತು ಎಂದು ಘೋಷಣೆಯೂ ಆಯಿತು. ಅದರ ಫಲ ಎಂದರೆ ಒಂದೇ ರಸ್ತೆಯ ಎಡಗಡೆಯವರಿಗೆ ಒಂದು ಬಗೆ, ಬಲಗಡೆಯವರಿಗೆ ಇನ್ನೊಂದು. ಈಗ ಅದೇ ತಾಮ್ರವನ್ನು ಕಿತ್ತು ಫೈಬರ್ ಹಾಕುವ ಎರಡನೇ ಸುತ್ತು ನಡೆಯುತ್ತಿದೆ. ಮನೆಯ ಪಾಯವನ್ನು ಎರಡು ಸಲ ತೋಡಿದ ಹಾಗೆ.

ಯಾವ ತಂತಿ

ಎನ್‌ಬಿಎನ್ ಜಾಲತಾಣದಲ್ಲಿ ವಿಳಾಸ ಹಾಕಿದರೆ ನಿಮ್ಮ ಮನೆಯದು ಯಾವ ಬಗೆ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಬಾಡಿಗೆ ಮನೆ ನೋಡಲು ಹೋಗುವ ಮೊದಲೇ ಹಾಕಿ ನೋಡಿ. ಅಡುಗೆಮನೆ ಕಿಟಕಿ ಯಾವ ದಿಕ್ಕಿಗಿದೆ ಎಂದು ನೋಡುವವರು ಇದನ್ನು ಬಿಡುವುದೇಕೆ?

ಎಫ್‌ಟಿಟಿಪಿ ಎಂದು ಬಂದರೆ ಮುಂದೆ ಓದುವ ಅಗತ್ಯ ಅರ್ಧ ಕಡಿಮೆ. ಫೈಬರ್ ನೇರ ಮನೆಯೊಳಗೆ ಬಂದು ಗೋಡೆಯ ಮೇಲಿನ ಬಿಳಿ ಡಬ್ಬಿಗೆ ಸೇರುತ್ತದೆ. ಮಳೆ ಬಂದರೂ ಗುಡುಗಿದರೂ ಅದರ ವೇಗ ಅಲುಗುವುದಿಲ್ಲ.

ಎಚ್‌ಎಫ್‌ಸಿ ಎಂದರೆ ಹಿಂದೆ ಟಿವಿ ಚಾನೆಲ್‌ಗಳಿಗೆಂದು ಎಳೆದಿದ್ದ ದಪ್ಪನೆಯ ಕೇಬಲ್. ಮೊದಮೊದಲು ತೊಂದರೆ ಕೊಟ್ಟದ್ದು ನಿಜ. 2017ರ ನವೆಂಬರ್‌ನಲ್ಲಿ ಎನ್‌ಬಿಎನ್ ತಾನೇ ಇದರ ಮಾರಾಟ ನಿಲ್ಲಿಸಿ ರಿಪೇರಿಗೆ ಇಳಿದಿತ್ತು. ಈಗಿನ ಸ್ಥಿತಿಯಲ್ಲಿ ಇದು ಫೈಬರಿನ ತಮ್ಮ ಇದ್ದ ಹಾಗೆ. ಅಪ್‌ಲೋಡ್ ವಿಷಯದಲ್ಲಿ ಮಾತ್ರ ಅಣ್ಣನಿಗಿಂತ ಸ್ವಲ್ಪ ಹಿಂದೆ.

ಎಫ್‌ಟಿಟಿಸಿ ಎಂದರೆ ಫೈಬರ್ ನಿಮ್ಮ ಗೇಟಿನ ಎದುರಿನ ಗುಂಡಿಯವರೆಗೆ ಬರುತ್ತದೆ, ಕೊನೆಯ ಹತ್ತಿಪ್ಪತ್ತು ಮೀಟರ್ ತಾಮ್ರ. ಇದರಲ್ಲೊಂದು ವಿಚಿತ್ರವಿದೆ. ಗುಂಡಿಯಲ್ಲಿರುವ ಪೆಟ್ಟಿಗೆಗೆ ಕರೆಂಟು ಹೋಗುವುದು ನಿಮ್ಮ ಮನೆಯಿಂದಲೇ, ಅದೇ ತಂತಿಯಲ್ಲಿ ಹಿಮ್ಮುಖವಾಗಿ. ಸಿಡಿಲು ಹೆಚ್ಚಿರುವ ಕಡೆ, ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್‌ನಂಥ ಜಾಗದಲ್ಲಿ, ಈ ಡಬ್ಬಿಗಳು ಸುಟ್ಟು ಜನ ಪರದಾಡಿದ್ದುಂಟು. ಗುಡುಗು ಶುರುವಾದರೆ ಪ್ಲಗ್ ಕೀಳುವ ನಮ್ಮೂರ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಗೋಡೆಯ ಫೋನ್ ಸಾಕೆಟ್ಟಿನ ತಂತಿಯನ್ನೂ ಕೀಳಿ.

ಎಫ್‌ಟಿಟಿಎನ್ ಬಂದರೆ ಸ್ವಲ್ಪ ಯೋಚಿಸಬೇಕು. ಬೀದಿಯಲ್ಲೆಲ್ಲೋ ಇರುವ ದೊಡ್ಡ ಪೆಟ್ಟಿಗೆಯವರೆಗೆ ಫೈಬರ್, ಅಲ್ಲಿಂದ ನಿಮ್ಮ ಮನೆಗೆ ಹಳೆಯ ಟೆಲಿಫೋನ್ ತಾಮ್ರ. ಪೆಟ್ಟಿಗೆ ಪಕ್ಕದಲ್ಲೇ ಮನೆಯಿದ್ದರೆ 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ) ಹತ್ತಿರ ಬರಬಹುದು. ತಂತಿ ಒಂದು ಕಿಲೋಮೀಟರ್ ಎಳೆದುಕೊಂಡು ಬಂದಿದ್ದರೆ 25ರ ಆಸುಪಾಸಿಗೆ ಇಳಿಯುತ್ತದೆ. ತಾಮ್ರದಲ್ಲಿ ದೂರ ಹೆಚ್ಚಿದಷ್ಟೂ ಸಂಕೇತ ಸೊರಗುತ್ತದೆ. ಜಾಯಿಂಟಿನಲ್ಲಿ ನೀರು ಸೇರಿದರೆ ಮುಗಿಯಿತು. ಮಲೆನಾಡಿನಲ್ಲಿ ಜುಲೈ ತಿಂಗಳು ಲ್ಯಾಂಡ್‌ಲೈನ್ ಎತ್ತಿದರೆ ಕರಕರ ಅನ್ನುತ್ತಿತ್ತಲ್ಲ, ಅದೇ ಕಾಯಿಲೆ. ಇಂಥ ಮನೆಯಲ್ಲಿ ಕೂತು ಕಂಪನಿ ಮೇಲೆ ಕಂಪನಿ ಬದಲಿಸುವುದು ತೂತು ಬಿಂದಿಗೆ ಇಟ್ಟುಕೊಂಡು ನಲ್ಲಿ ಬದಲಿಸಿದ ಹಾಗೆ.

ಇದಕ್ಕೆ ಮದ್ದು ಇದೆ. ಎಫ್‌ಟಿಟಿಎನ್ ಅಥವಾ ಎಫ್‌ಟಿಟಿಸಿ ಇರುವ ಬಹಳಷ್ಟು ಮನೆಗಳಿಗೆ, ಗೊತ್ತುಪಡಿಸಿದ ವೇಗದ ಪ್ಲಾನ್ ತೆಗೆದುಕೊಂಡರೆ, ಎನ್‌ಬಿಎನ್ ತನ್ನ ಖರ್ಚಿನಲ್ಲೇ ಮನೆಯವರೆಗೆ ಫೈಬರ್ ಎಳೆದುಕೊಡುತ್ತದೆ. ತಾಮ್ರದಲ್ಲೇ ಉಳಿದುಹೋಗಿದ್ದ ಸುಮಾರು 6,22,000 ವಿಳಾಸಗಳಿಗೂ 2030ರೊಳಗೆ ಇದನ್ನು ತಲುಪಿಸುವುದಾಗಿ ಸರ್ಕಾರ 2025ರ ಜನವರಿಯಲ್ಲಿ ಹೇಳಿ, 300 ಕೋಟಿ ಡಾಲರ್ ಕೊಡಲು ಒಪ್ಪಿತು. ನಿಮ್ಮ ವಿಳಾಸಕ್ಕೆ ಅಪ್‌ಗ್ರೇಡ್ ಸಿಗುತ್ತದೆ ಎಂದು ಕಂಡರೆ ಒಂದು ದಿನವೂ ತಡ ಮಾಡಬೇಡಿ ಎಂಬುದು ನನ್ನ ಮಾತು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕು. ಏಜೆಂಟಿಗೆ ಈಮೇಲ್ ಬರೆಯುವಾಗ "ನಿಮ್ಮ ಮನೆಗೆ ಪುಕ್ಕಟೆ ಫೈಬರ್ ಬರುತ್ತದೆ" ಎಂದು ಮೊದಲ ಸಾಲಿನಲ್ಲೇ ಹಾಕಿ. ಗೋಡೆಗೆ ತೂತು ಕೊರೆಯುವ ವಿಷಯ ಕೊನೆಯಲ್ಲಿರಲಿ.

ಅಪಾರ್ಟ್‌ಮೆಂಟಿನವರದು ಹೆಚ್ಚಾಗಿ ಎಫ್‌ಟಿಟಿಬಿ, ನೆಲಮಾಳಿಗೆಯವರೆಗೆ ಫೈಬರ್. ಅಲ್ಲಿಂದ ಮೇಲಕ್ಕೆ ತಾಮ್ರ. ಇರಲಿ, ದೂರ ಕಡಿಮೆಯಾದ್ದರಿಂದ ಪರವಾಗಿಲ್ಲ.

ಇನ್ನೊಂದು ವಿಷಯ ನಮ್ಮವರು ಹೆಚ್ಚಾಗಿ ಮನೆ ಕಟ್ಟಿಸುವ ಪಶ್ಚಿಮದ ಹೊಸ ಬಡಾವಣೆಗಳದು. ಅಲ್ಲಿ ಕೆಲವು ಕಡೆ ಎನ್‌ಬಿಎನ್ನೇ ಇರುವುದಿಲ್ಲ. ಆಪ್ಟಿಕಾಮ್‌ನಂಥ ಖಾಸಗಿ ಕಂಪನಿ ಫೈಬರ್ ಹಾಕಿರುತ್ತದೆ. ತಂತಿ ಚೆನ್ನಾಗಿಯೇ ಇರುತ್ತದೆ, ಆದರೆ ಎಲ್ಲ ಅಂಗಡಿಯವರೂ ಅದರ ಮೇಲೆ ಮಾರುವುದಿಲ್ಲ. ಎನ್‌ಬಿಎನ್ ಇರುವ ಹೊಸ ಬಡಾವಣೆಯಲ್ಲಿ ಮೊದಲ ಸಲ ಸಂಪರ್ಕ ಪಡೆಯುವವರಿಗೆ 300 ಡಾಲರ್ ಶುಲ್ಕವೂ ಇದೆ. ಬಿಲ್ ನೋಡಿ ಬೆಚ್ಚಿಬೀಳಬೇಡಿ.

ಗ್ಯಾರೇಜಿನಲ್ಲಿ ಡಬ್ಬಿ, ದೇವರಮನೆಯಲ್ಲಿ ಸಿಗ್ನಲ್ ಇಲ್ಲ

ಹೊಸ ಮನೆಗಳಲ್ಲಿ ಬಿಲ್ಡರ್ ಈ ಬಿಳಿ ಡಬ್ಬಿಯನ್ನು ತಂದು ಕೂರಿಸುವುದು ಗ್ಯಾರೇಜಿನ ಮೂಲೆಯಲ್ಲಿ. ಅವನಿಗೆ ಅದು ಅನುಕೂಲ. ರೌಟರನ್ನೂ ಅಲ್ಲೇ ಇಟ್ಟರೆ ವೈಫೈ ಎರಡು ಗೋಡೆ, ಒಂದು ಫ್ರಿಜ್ಜು ದಾಟಿ ಮಹಡಿಗೆ ಹತ್ತುವಷ್ಟರಲ್ಲಿ ಉಸಿರು ಕಟ್ಟಿರುತ್ತದೆ. ನಮ್ಮ ಪರಿಚಯದವರೊಬ್ಬರು ಮೇಲಿನ ದೇವರಮನೆಯಿಂದ ಊರಿನ ಸತ್ಯನಾರಾಯಣ ಪೂಜೆ ನೋಡಲು ಹೋಗಿ, ಕಥೆಯ ಮೂರನೇ ಅಧ್ಯಾಯಕ್ಕೆ ಪುರೋಹಿತರು ಬಾಯಿ ತೆರೆದ ಹಾಗೆಯೇ ನಿಂತುಬಿಟ್ಟರಂತೆ. ಅವರ ಮನೆಯದು ಎಫ್‌ಟಿಟಿಪಿ. ತಂತಿಯ ತಪ್ಪೇನೂ ಇರಲಿಲ್ಲ.

ಮನೆ ಕಟ್ಟಿಸುತ್ತಿರುವವರು ಫ್ರೇಮ್ ನಿಂತಿರುವಾಗಲೇ ಗ್ಯಾರೇಜಿನಿಂದ ಹಾಲ್‌ಗೆ, ಹಾಲ್‌ನಿಂದ ಮಹಡಿಗೆ ಡೇಟಾ ಕೇಬಲ್ ಎಳೆಸಿಬಿಡಿ. ಪ್ಲಾಸ್ಟರ್ ಬಿದ್ದ ಮೇಲೆ ಅದೇ ಕೆಲಸಕ್ಕೆ ಹಲವು ಪಟ್ಟು ದುಡ್ಡು. ಹಳೆ ಮನೆಗೆ ಫೈಬರ್ ಹಾಕಲು ಬಂದವರ ಜೊತೆ ಮಾತ್ರ ನಯವಾಗಿ ಮಾತಾಡಿ, ಮನೆಯ ನಡುವಿನ ಗೋಡೆಗೆ ಹಾಕಿಕೊಡಿ ಎಂದು ಕೇಳಿ. ಎಷ್ಟೋ ಸಲ ಒಪ್ಪುತ್ತಾರೆ.

ತಂತಿ ಬೇಡ ಎನ್ನುವವರಿಗೆ

5ಜಿ ಹೋಮ್ ಇಂಟರ್‌ನೆಟ್ ಟೆಲ್‌ಸ್ಟ್ರಾ, ಆಪ್ಟಸ್, ವೊಡಾಫೋನ್ ಮೂರರಲ್ಲೂ ಇದೆ. ಮೋಡೆಮ್ ತಂದು ಪ್ಲಗ್ಗಿಗೆ ಹಾಕಿದರೆ ಆಯಿತು, ಯಾರೂ ಬರಬೇಕಿಲ್ಲ. ಆರು ತಿಂಗಳ ಬಾಡಿಗೆ ಮನೆಗೆ, ಹೊಸದಾಗಿ ಬಂದಿಳಿದ ವಿದ್ಯಾರ್ಥಿಗಳಿಗೆ, 25 ಎಂಬಿಪಿಎಸ್‌ನ ತಾಮ್ರದಲ್ಲಿ ಸಿಕ್ಕಿಕೊಂಡವರಿಗೆ ಇದು ಒಳ್ಳೆಯದೇ. ಆದರೆ ಟವರ್ ಹಂಚಿಕೊಳ್ಳುವ ಜನ ಹೆಚ್ಚಿದಂತೆ ಪಾಲು ಕಡಿಮೆಯಾಗುತ್ತದೆ. ಬೆಳಗ್ಗೆ 300 ತೋರಿಸಿದ್ದು ರಾತ್ರಿ 40 ತೋರಿಸಬಹುದು. ಆ ಮೋಡೆಮ್ ಹೆಚ್ಚಾಗಿ ಒಂದು ವಿಳಾಸಕ್ಕೆ ಕಟ್ಟುಬಿದ್ದಿರುತ್ತದೆ, ಮನೆ ಬದಲಿಸುವಾಗ ಚೀಲಕ್ಕೆ ಹಾಕಿಕೊಂಡು ಹೋದರೆ ನಡೆಯದೆ ಇರಬಹುದು. ಒಳ್ಳೆಯ ಫೈಬರ್ ಇರುವ ಮನೆಯಲ್ಲಿ ಹತ್ತು ಡಾಲರ್ ಉಳಿಸಲು ಇದಕ್ಕೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಊರಾಚೆ ಇರುವವರ ಕಥೆ ಬೇರೆ. ಎನ್‌ಬಿಎನ್‌ನ ಫಿಕ್ಸೆಡ್ ವೈರ್‌ಲೆಸ್ ಸಿಕ್ಕರೆ, ಅಂದರೆ ಚಾವಣಿಯ ಆಂಟೆನಾ ಟವರ್ ಕಡೆ ಮುಖ ಮಾಡಿರುವ ಬಗೆ, ಈಗ ಪರವಾಗಿಲ್ಲ. ಅದೂ ಸಿಗದ ಕಡೆ ಸ್ಕೈ ಮಸ್ಟರ್ ಉಪಗ್ರಹ. 2015 ಮತ್ತು 2016ರಲ್ಲಿ ಹಾರಿಸಿದ ಈ ಎರಡು ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಬೆಳಕಿನ ವೇಗದಲ್ಲೇ ಹೋದರೂ ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಮೀರುತ್ತದೆ. ಟ್ರಂಕ್ ಕಾಲ್ ಕಾಲದಲ್ಲಿ "ಹಲೋ" ಅಂದು ಕಾಯುತ್ತಿದ್ದೆವಲ್ಲ, ಅದೇ ಅನುಭವ. ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು. ಸ್ಟಾರ್‌ಲಿಂಕ್ ಉಪಗ್ರಹಗಳು 550 ಕಿಲೋಮೀಟರ್ ಆಸುಪಾಸಿನಲ್ಲಿ ಓಡಾಡುವುದರಿಂದ ಆ ತೊಂದರೆ ಇಲ್ಲ. ದುಬಾರಿ, ಆದರೆ ಹಳ್ಳಿ ಆಸ್ಪತ್ರೆಗೆ ಕೆಲಸಕ್ಕೆ ಹೋದ ನಮ್ಮ ಡಾಕ್ಟರುಗಳು ಯಾರೂ ಹಾಕಿಸಿ ಪಶ್ಚಾತ್ತಾಪಪಟ್ಟದ್ದು ನಾನು ಕೇಳಿಲ್ಲ. ಸ್ಕೈ ಮಸ್ಟರ್ ಬದಲಿಗೆ ಕೆಳಗಿನ ಕಕ್ಷೆಯ ಉಪಗ್ರಹಗಳನ್ನೇ ಬಳಸಲು ಎನ್‌ಬಿಎನ್ ಕೂಡ 2025ರಲ್ಲಿ ಅಮೆಜಾನ್ ಜೊತೆ ಒಪ್ಪಂದ ಮಾಡಿಕೊಂಡಿದೆ.

ಎಷ್ಟು ವೇಗ ಸಾಕು

ನಾಲ್ಕು ಜನರ ಮನೆಗೆ 50 ಸಾಕು ಎಂದು ವರ್ಷಗಟ್ಟಲೆ ಹೇಳುತ್ತ ಬಂದವನು ನಾನು. ಒಂದು 4ಕೆ ಸಿನಿಮಾಕ್ಕೆ 25 ಬೇಕು, ಊರಿನ ವಿಡಿಯೋ ಕಾಲಿಗೆ ಎರಡು ಮೂರು ಸಾಕು. ಈಗಲೂ ಆ ಲೆಕ್ಕ ಸುಳ್ಳಲ್ಲ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಎನ್ ಲೆಕ್ಕದ ಪುಸ್ತಕವನ್ನೇ ಬದಲಿಸಿತು. ಎಫ್‌ಟಿಟಿಪಿ ಮತ್ತು ಎಚ್‌ಎಫ್‌ಸಿ ಮನೆಗಳಲ್ಲಿ 100/20 ಇದ್ದ ಪ್ಲಾನ್ 500/50 ಆಯಿತು, 250/25 ಇದ್ದದ್ದು 750/50 ಆಯಿತು. ಮೊದಲ ಅಂಕಿ ಇಳಿಸುವ ವೇಗ, ಎರಡನೆಯದು ಏರಿಸುವ ವೇಗ. 50/20 ಮಾತ್ರ ಇದ್ದಲ್ಲೇ ಉಳಿಯಿತು. ಹಾಗಾಗಿ ಈ ಎರಡು ತಂತಿಯವರು 50ಕ್ಕೂ 500ಕ್ಕೂ ತಿಂಗಳ ಬಿಲ್ಲಿನಲ್ಲಿ ಎಷ್ಟು ವ್ಯತ್ಯಾಸ ಎಂದು ನೋಡಿ. ಹತ್ತು ಹದಿನೈದು ಡಾಲರ್ ಒಳಗಿದ್ದರೆ 500 ತೆಗೆದುಕೊಳ್ಳಿ. ಅದಕ್ಕೂ ಮೇಲಿನದು ಮನೆಮಂದಿಗೆ ಬೇಕಿಲ್ಲ. ವೇಗ ಪರೀಕ್ಷೆಯ ಚಿತ್ರ ತೆಗೆದು ಗುಂಪಿಗೆ ಹಾಕುವ ಚಟ ಇದ್ದವರಿಗೆ ಬಿಡಿ.

ಮನೆಯಿಂದ ಕೆಲಸ ಮಾಡುವವರು ಎರಡನೇ ಅಂಕಿಯನ್ನು ಮೊದಲು ನೋಡಬೇಕು. ಮೀಟಿಂಗಿನಲ್ಲಿ ನಿಮ್ಮ ದನಿ ಕಡಿದು ಕಡಿದು ಹೋಗುವುದು ಹೆಚ್ಚಾಗಿ ಏರಿಸುವ ವೇಗ ಸಾಲದೆ.

ತಾಮ್ರದವರಿಗೆ ಈ ಹಬ್ಬ ಇಲ್ಲ. ನಿಮ್ಮ ತಂತಿ 60 ಮಾತ್ರ ಹೊರುತ್ತದೆ ಎಂದರೆ 100ರ ಪ್ಲಾನಿಗೆ ದುಡ್ಡು ಕೊಡುವುದು ದಂಡ. 2017ರಲ್ಲಿ ದೊಡ್ಡ ಕಂಪನಿಗಳು ತಾಮ್ರದ ಗಿರಾಕಿಗಳಿಗೆ ಸಿಗಲಾರದ ವೇಗ ಮಾರಿದ್ದಕ್ಕೆ ಎಸಿಸಿಸಿ, ಅಂದರೆ ವ್ಯಾಪಾರದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ, ಹಿಡಿದು ಹಣ ವಾಪಸು ಕೊಡಿಸಿದೆ. ಪ್ಲಾನ್ ಹೋಲಿಸುವಾಗ ದೊಡ್ಡಕ್ಷರದ ಅಂಕಿ ಬಿಟ್ಟು ಸಂಜೆ ಏಳರಿಂದ ಹನ್ನೊಂದರ ನಡುವಿನ ವೇಗ ಎಷ್ಟೆಂದು ಬರೆದಿದ್ದಾರೆ ನೋಡಿ. ಊರಲ್ಲಿ ಅದು ಮಧ್ಯಾಹ್ನದ ಊಟ ಮುಗಿಸಿ ಕಾಫಿಗೆ ಏಳುವ ಹೊತ್ತು, ನಾವು ಫೋನ್ ಮಾಡುವುದೂ ಆಗಲೇ. ಯಾವ ಕಂಪನಿ ಆ ಹೊತ್ತಿನಲ್ಲಿ ಎಷ್ಟು ಕೊಡುತ್ತದೆ ಎಂಬುದನ್ನು ಎಸಿಸಿಸಿ ಅಳೆದು ಆಗಾಗ ಪ್ರಕಟಿಸುತ್ತದೆ.

ಕಂಪನಿಯ ಆಯ್ಕೆ ಬರುವುದು ಇಷ್ಟೆಲ್ಲ ಆದ ಮೇಲೆ. ಒಳ್ಳೆಯ ತಂತಿ ಇದ್ದರೆ ಕಂಪನಿಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ಬೆಲೆ, ಮತ್ತು ಕೆಟ್ಟಾಗ ಫೋನ್ ಎತ್ತುವವರು ಯಾರು ಎಂಬುದು. ಆರು ತಿಂಗಳ ರಿಯಾಯಿತಿ ಮುಗಿದ ಮೇಲಿನ ಬೆಲೆಯನ್ನೇ ಬರೆದಿಟ್ಟು ಹೋಲಿಸಿ. ಕೆಟ್ಟಾಗ ಸ್ವತಃ ಕೆದಕಿ ನೋಡುವ ವ್ಯವಧಾನ ಇದ್ದರೆ ಅಗ್ಗದ ಕಂಪನಿ ಸಾಕು, ಇಲ್ಲದಿದ್ದರೆ ಹತ್ತು ಡಾಲರ್ ಹೆಚ್ಚು ಕೊಟ್ಟು ನೆಮ್ಮದಿ ಕೊಳ್ಳಿ. ಎಲ್ಲೂ ಬಗೆಹರಿಯದಿದ್ದರೆ ಟೆಲಿಕಾಂ ಆಂಬುಡ್ಸ್‌ಮನ್ ಬಳಿಗೆ ದೂರು ಒಯ್ಯಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಎಫ್‌ಟಿಟಿಪಿಯಲ್ಲಿ ಕಂಪನಿ ಬದಲಿಸುವಾಗ ಒಂದು ಗುಟ್ಟು. ಬಹಳಷ್ಟು ಬಿಳಿ ಡಬ್ಬಿಗಳ ಕೆಳಗೆ ನಾಲ್ಕು ಹಳದಿ ಪೋರ್ಟುಗಳಿರುತ್ತವೆ. ಹಳೆಯ ಕಂಪನಿ ಒಂದನೆಯದರಲ್ಲಿ ಇದ್ದರೆ ಹೊಸದು ಎರಡನೆಯದರಲ್ಲಿ ಶುರುವಾಗಿರಬಹುದು. ನಾನು ಒಂದು ಶನಿವಾರ ಎರಡು ಗಂಟೆ ಕಾಲ ಸಹಾಯವಾಣಿಯವರ ಸಂಗೀತ ಕೇಳಿ, ರೌಟರನ್ನು ಐದು ಸಲ ಆರಿಸಿ ಹಚ್ಚಿ, ಕೊನೆಗೆ ಮಗಳು ಬಂದು ತಂತಿಯನ್ನು ಪಕ್ಕದ ತೂತಿಗೆ ಚುಚ್ಚಿದಳು. ಹಸಿರು ದೀಪ ಹತ್ತಿತು.

ಮನೆ ಫೋನು ಉಳಿಸಬೇಕೆ

ಎನ್‌ಬಿಎನ್ ತಂತಿಗೆ ಬಂದ ಮೇಲೆ ಮನೆ ಫೋನೂ ಇಂಟರ್‌ನೆಟ್ ಮೇಲೆಯೇ ಓಡುತ್ತದೆ. ಗೋಡೆಯ ಹಳೆಯ ಸಾಕೆಟ್ಟಿಗೆ ಫೋನ್ ಚುಚ್ಚಿದರೆ ನಡೆಯುವುದಿಲ್ಲ, ಫೋನಿನ ತಂತಿಯನ್ನು ಮೋಡೆಮ್ ಹಿಂದಿನ ಫೋನ್ ಪೋರ್ಟಿಗೆ ಚುಚ್ಚಬೇಕು. ಹಳೆಯ ತಾಮ್ರದ ಫೋನಿಗೆ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಬಾರಿಸುತ್ತಿತ್ತು. ಈಗ ಮನೆಯಲ್ಲಿ ಕರೆಂಟು ಹೋದರೆ ಫೋನೂ ಹೋಯಿತು, ತುರ್ತು ನಂಬರ್ 000ಗೂ ಕಾಲ್ ಹೋಗುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದು, ಬಿದ್ದರೆ ಗುಂಡಿ ಒತ್ತುವ ಮೆಡಿಕಲ್ ಅಲಾರಂ ಇದ್ದರೆ, ಬದಲಾವಣೆಗೆ ಮುಂಚೆ ಅಲಾರಂ ಕಂಪನಿಯನ್ನು ಕೇಳಿ. ಆಪ್ಟಸ್ ಮತ್ತು ಟೆಲ್‌ಸ್ಟ್ರಾ 2024ರ ಅಕ್ಟೋಬರ್‌ನಲ್ಲಿ 3ಜಿ ನಿಲ್ಲಿಸಿದ ಮೇಲೆ ಹಳೆಯ ಮೊಬೈಲ್ ಅಲಾರಂಗಳೂ ಮೂಕವಾಗಿವೆ.

ಫಿಕ್ಸೆಡ್ ವೈರ್‌ಲೆಸ್ ಮತ್ತು ಉಪಗ್ರಹದ ಪ್ರದೇಶದವರಿಗೆ ಮಾತ್ರ ಹಳೆಯ ತಾಮ್ರದ ಫೋನನ್ನು ಉಳಿಸಿಕೊಳ್ಳುವ ದಾರಿ ಇದೆ. ಕಾಳ್ಗಿಚ್ಚಿನ ಸೀಮೆಯಲ್ಲಿ ಇರುವವರು ಇಂಟರ್‌ನೆಟ್ ಬಂತಲ್ಲ ಎಂದು ಅದನ್ನು ಕಿತ್ತು ಹಾಕಬೇಡಿ.

ಉಳಿದವರಿಗೆ, ಮೊಬೈಲ್ ಇದ್ದಮೇಲೆ ಮನೆ ಫೋನು ಬೇಕಿಲ್ಲ ಅನ್ನಿಸಬಹುದು. ನಮಗೂ ಅನ್ನಿಸಿತ್ತು. ನಮ್ಮ ಬೀದಿಗೆ ಎನ್‌ಬಿಎನ್ ಬಂದಾಗ ಹೊಸ ಕಂಪನಿಗೆ ಅರ್ಜಿ ಹಾಕಿದ ದಿನವೇ, ಎರಡು ಬಿಲ್ ಯಾಕೆ ಎಂಬ ಜಿಪುಣತನದಲ್ಲಿ, ಹಳೆಯ ಕಂಪನಿಗೆ ಫೋನ್ ಮಾಡಿ ಲೈನ್ ನಿಲ್ಲಿಸಿಬಿಟ್ಟೆ. ನಂಬರ್ ಹೊಸ ಕಡೆಗೆ ಬರುತ್ತದಲ್ಲ ಎಂದುಕೊಂಡಿದ್ದೆ. ಬರಲಿಲ್ಲ. ನಿಲ್ಲಿಸಿದ ಲೈನಿನ ನಂಬರನ್ನು ಪೋರ್ಟ್ ಮಾಡಲಾಗುವುದಿಲ್ಲ. ಹಾಸನದಲ್ಲಿ ನಮ್ಮ ಅತ್ತೆ ಬೀರು ಬಾಗಿಲ ಒಳಬದಿಗೆ ಆ ನಂಬರನ್ನು ಮಾರ್ಕರಿನಲ್ಲಿ ಬರೆದಿದ್ದರು, 0061ರಿಂದ ಶುರುವಾಗಿ ಒಂದೊಂದು ಅಂಕಿಯೂ ಬೆರಳುದ್ದ, ಕನ್ನಡಕ ಇಲ್ಲದೆ ಕಾಣಲಿ ಎಂದು. ಮುಂದಿನ ಸಲ ಊರಿಗೆ ಹೋದಾಗ ಅದರ ಮೇಲೆ ಗೀಟು ಹಾಕಿ, ಕೆಳಗೆ ನನ್ನ ಮೊಬೈಲ್ ನಂಬರ್ ಬರೆದುಬಂದೆ. "ಇದು ಎಷ್ಟು ದಿನಕ್ಕೆ?" ಎಂದು ಕೇಳಿದರು.

ಆದ್ದರಿಂದ ನಂಬರ್ ಬೇಕಿದ್ದರೆ ಹಳೆಯ ಲೈನನ್ನು ನೀವಾಗಿ ನಿಲ್ಲಿಸಲೇಬೇಡಿ. ಹೊಸ ಕಂಪನಿಗೆ ಅರ್ಜಿ ಹಾಕುವಾಗಲೇ "ಈ ನಂಬರ್ ಪೋರ್ಟ್ ಮಾಡಿ" ಎಂದು ಹೇಳಿ, ಹಳೆಯ ಬಿಲ್ಲಿನಲ್ಲಿರುವ ಹೆಸರು, ಅಕೌಂಟ್ ನಂಬರ್ ಅಕ್ಷರ ತಪ್ಪದಂತೆ ಕೊಡಿ. ಕೆಲವು ದಿನ ಎರಡು ಬಿಲ್ ಓಡಲಿ. ಕೆಲವು ಕಂಪನಿಗಳ ಫೋನ್ ಅವರೇ ಕೊಟ್ಟ ಮೋಡೆಮಿನಲ್ಲಿ ಮಾತ್ರ ನಡೆಯುತ್ತದೆ, ಸ್ವಂತ ರೌಟರ್ ಇಟ್ಟುಕೊಂಡವರು ಇದನ್ನೂ ಮೊದಲೇ ಕೇಳಿ. ನಂಬರ್ ಬಂತು ಎಂದು ಮೆಸೇಜ್ ಬಂದ ದಿನ ಮನೆ ಫೋನಿನಿಂದ ಹೊರಗೆ ಕಾಲ್ ಮಾಡಿದರೆ ಸಾಲದು, ಬೇರೆಯವರಿಂದ ಆ ನಂಬರಿಗೆ ಕಾಲ್ ಮಾಡಿಸಿ ನೋಡಿ. ಹೋಗುವ ಕಾಲ್ ಹೋಗಿ, ಬರುವ ಕಾಲ್ ಇನ್ನೂ ಹಳೆಯ ಕಂಪನಿಯಲ್ಲೇ ಸುತ್ತುತ್ತಿರುವುದುಂಟು. ಊರಿನಿಂದಲೂ ಒಂದು ಕಾಲ್ ಮಾಡಿಸಿ. ಅದು ಬಾರಿಸಿದ ಮೇಲೆ ಹಳೆಯ ಅಕೌಂಟಿನಲ್ಲಿ ಇಂಟರ್‌ನೆಟ್ ಬಿಲ್ ಉಳಿದಿದ್ದರೆ ಆಗ ನಿಲ್ಲಿಸಿ.